'ಯೂರೋಪಿಯಾನಾ': ಭಾಷಾಂತರಸೌಲಭ್ಯದ ವಿಚಾರ

ಜೆಕ್ ಭಾಷೆಯನ್ನಾಡುವವರು ಸುಮಾರು ಒಂದು ಕೋಟಿ ಜನರು. ಇಷ್ಟು ಅಲ್ಪಪ್ರಸಾರವುಳ್ಳ ಭಾಷೆಯಲ್ಲಿ 2001ರಲ್ಲಿ ಪ್ರಕಟವಾದ 'ಯೂರೋಪಿಯಾನಾ' ಎಂಬ ಕಿರುಗ್ರಂಥವು 30ಕ್ಕೂ ಹೆಚ್ಚು ಭಾಷೆಗಳಿಗೆ ಪರಿವರ್ತಿತವಾಗಿರುವುದು ಸಾಮಾನ್ಯವಾದ ಸಂಗತಿಯಲ್ಲ. ಇದರ ಕರ್ತೃವಾದ ಪಾತ್ರಿಕ್ ಔರ್ಜೆದ್ನೀಕನು 1957ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿ, 1980ರ ದಶಕದ ನಡುವೆ ಫ್ರಾನ್ಸ್ ದೇಶಕ್ಕೆ ವಲಸೆ ಹೋದವನು. ರಾಬೆಲೇ, ಕೆನೋ, ಬೆಕೆಟ್ ಮೊದಲಾದವರ ಕೃತಿಗಳನ್ನು ಜೆಕ್ ಭಾಷೆಗೆ ತಂದ ಭಾಷಾಂತರಕಾರನು.

ಪರದೇಶವಾಸವೇ ಪರದೇಶೀಯರ ಮನ್ನಣೆಗೆ ಕಾರಣವೆಂಬ ಸಮಾಧಾನವು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ವಲಸೆಯಲ್ಲಿದ್ದಾಗಲೇ, 1988ರಲ್ಲಿ, ಪ್ಯಾರಿಸಿನಲ್ಲಿ ಅಚ್ಚಾದ ಆತನ 'ಶ್ಮೀರ್‌ಬುಖ್' ಎಂಬ ನಿಘಂಟು ಜೆಕ್ ಜನರ ಬೀದಿಮಾತು, ಬೈಗುಳ, ಪೋಲಿನುಡಿಗಳನ್ನು ಶ್ರದ್ಧೆಯಿಂದ ಕೂಡಿಸಿಟ್ಟದ್ದು. ಅದನ್ನು ಭಾಷಾಂತರಿಸುವ ಮಾತೇ ಏಳುವುದಿಲ್ಲ. ಕರ್ತೃ ಒಬ್ಬನೇ, ವಾಸವೂ ಒಂದೇ; ಹಾಗಿದ್ದೂ ಒಂದು ಗ್ರಂಥವು ಗಡಿಗಳನ್ನು ದಾಟಿತು, ಮತ್ತೊಂದು ತನ್ನ ಭಾಷೆಯಲ್ಲಿಯೇ ಉಳಿಯಿತು. ಆದುದರಿಂದ ಕಾರಣವನ್ನು ಗ್ರಂಥದ ಒಳಗೇ ಅರಸಬೇಕು.

ಆನಂದವರ್ಧನನು ಧ್ವನಿಗೆ ವರ್ಣ, ಪದ, ವಾಕ್ಯ, ಸಂಘಟನೆ, ಪ್ರಬಂಧ ಎಂದು ಹಲವು ವ್ಯಂಜಕಗಳನ್ನು ಹೇಳಿದ್ದಾನೆ. ವರ್ಣಪದಗಳಲ್ಲಿ ನೆಲಸಿದ ವ್ಯಂಗ್ಯವು ಭಾಷೆಯೊಡನೆಯೇ ಅಳಿಯುವುದು. ಪ್ರಬಂಧದಲ್ಲಿ ವ್ಯಾಪಿಸಿದ್ದು ಬಹುಮಟ್ಟಿಗೆ ಉಳಿಯುವುದು. 'ಯೂರೋಪಿಯಾನಾ' ಇಪ್ಪತ್ತನೆಯ ಶತಮಾನದ ಸಂಕ್ಷಿಪ್ತ ಚರಿತ್ರೆಯೆಂದು ಹೆಸರಿಟ್ಟುಕೊಂಡ ಗ್ರಂಥ. ಆದರೆ ಅದರಲ್ಲಿ ಕಾಲಕ್ರಮವಿಲ್ಲ, ನಾಯಕನಿಲ್ಲ. 1944ರಲ್ಲಿ ನಾರ್ಮಂಡಿಯಲ್ಲಿ ಮಡಿದ ಅಮೆರಿಕದ ಸೈನಿಕರ ಎತ್ತರದ ಲೆಕ್ಕದಿಂದ ಅದು ಪ್ರಾರಂಭವಾಗುತ್ತದೆ. ವಿಷಾನಿಲ, ವಂಶಶುದ್ಧಿಯ ಶಾಸ್ತ್ರ, ಹೆಣ್ಣುಮಕ್ಕಳ ಬೊಂಬೆ, ಹೊಸ ಮತಪಂಥಗಳು, ಎಲ್ಲವೂ ಒಂದೇ ಸ್ವರದಲ್ಲಿ ಹೇಳಲ್ಪಟ್ಟಿವೆ. ಪುಟದ ಅಂಚಿನಲ್ಲಿ ಶಾಲಾಪುಸ್ತಕದಲ್ಲಿರುವಂತೆ ಚಿಕ್ಕ ಸೂಚನೆಗಳು. ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುವ ವಿದ್ಯಾರ್ಥಿಯ ಧ್ವನಿಯಿದು. ಒಪ್ಪಿಸುವವನಿಗೆ ದುಃಖವಿಲ್ಲ, ಕೇಳುವವನಿಗೆ ಎದೆ ನಡುಗುತ್ತದೆ. ಇಂತಹ ಪಠ್ಯಪುಸ್ತಕದ ನುಡಿಯನ್ನು ಆ ಶತಮಾನವು ದೇಶದೇಶಗಳಲ್ಲಿಯೂ ಬೆಳೆಸಿತು. ಆದ್ದರಿಂದ ಭಾಷಾಂತರಕಾರನಿಗೆ ಅದರ ಪ್ರತಿರೂಪವು ತನ್ನ ಭಾಷೆಯಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ.

ಹಾಗೆಂದು ಇದನ್ನು ಭಾಷಾಂತರಕ್ಕಾಗಿಯೇ ಸಪ್ಪೆಮಾಡಿ ಬರೆದದ್ದೆಂದು ಆಕ್ಷೇಪಿಸುವುದು ಅನ್ಯಾಯ. ಪೋಲಿನುಡಿಗಳ ನಿಘಂಟನ್ನು ರಚಿಸಿದವನಿಗೆ ನುಡಿಯ ಬಣ್ಣ ತಿಳಿಯದೆ ಇರಲಿಲ್ಲ. ತಿಳಿದೇ ಅದನ್ನು ತೊಡೆದನು. ಒಂದೇ ಘಟನೆಯನ್ನು 99 ಶೈಲಿಗಳಲ್ಲಿ ಹೇಳಿದ ಕೆನೋವಿನ ಗ್ರಂಥವನ್ನು ಜೆಕ್ ಭಾಷೆಗೆ ತಂದವನು, ಇಲ್ಲಿ ಒಂದು ಶತಮಾನದ ಘಟನೆಗಳನ್ನೆಲ್ಲ ಒಂದೇ ಶೈಲಿಗೆ ಇಳಿಸಿದ್ದಾನೆ.

ಕನ್ನಡಿಸಹೊರಟವನಿಗೆ ತೊಡಕು ಬೇರೆಡೆಯಲ್ಲಿದೆ. ಮೂಲದ ವಾಕ್ಯಗಳು ಸಮುಚ್ಚಯದ ಅವ್ಯಯದಿಂದ ಒಂದರ ಹಿಂದೊಂದು ಪೋಣಿಸಲ್ಪಟ್ಟಿವೆ. ಕಾರ್ಯಕಾರಣಸಂಬಂಧವನ್ನು ಕರ್ತೃ ಬೇಕೆಂದೇ ಬಿಟ್ಟಿದ್ದಾನೆ. 2005ರ ಜೆರಾಲ್ಡ್ ಟರ್ನರನ ಇಂಗ್ಲಿಷ್ ಭಾಷಾಂತರಕ್ಕೆ ಇದು ಕಷ್ಟವಾಗಲಿಲ್ಲ. ಕನ್ನಡದ ಸಹಜಬಂಧವಾದರೋ 'ಬಂದು, ಕಂಡು, ಕೊಂದು' ಎಂಬ ಕ್ರಿಯಾನ್ಯೂನಗಳದು. ಇವು ಪೂರ್ವಾಪರವನ್ನು ಹೇಳುವುವು, ಎಷ್ಟೋ ವೇಳೆ ಕಾರಣವನ್ನೂ ಸೂಚಿಸುವುವು. ಮೂಲದಲ್ಲಿ ಇಲ್ಲದ ಸರಪಣಿಯನ್ನು ಇವು ಹೆಣೆದುಬಿಡುತ್ತವೆ. ಪೂರ್ಣವಿರಾಮಗಳನ್ನಿಟ್ಟರೆ ಉಸಿರು ಕಡಿಯುತ್ತದೆ. ಉಳಿದದ್ದು 'ಮತ್ತು' ಎಂಬುದೊಂದೇ. ಅದರ ಅತಿಬಳಕೆಯನ್ನು ಇಂಗ್ಲಿಷಿನ ನೆರಳೆಂದು ಉಪಾಧ್ಯಾಯರು ಕೆಂಪುಮಸಿಯಿಂದ ಹೊಡೆದುಹಾಕುತ್ತಾರೆ. ಆದರೆ ಪರೀಕ್ಷೆಯ ಉತ್ತರಪತ್ರಿಕೆಗಳ ಕನ್ನಡ ಅದೇ ಅಲ್ಲವೆ? ಈ ಗ್ರಂಥಕ್ಕೆ ಬೇಕಾದದ್ದೂ ಅದೇ ಕನ್ನಡ.