ಕಲಾತ್ಮಕ ಎಂಬ ಕಪಾಟನ್ನು ಖಾಲಿ ಮಾಡೋಣ

‘ಸಂಧ್ಯಾರಾಗ’ವನ್ನೂ ‘ಹಂಸಗೀತೆ’ಯನ್ನೂ ಒಂದೇ ಸಾಲಿನಲ್ಲಿ ಇಡಬಹುದೇ? ಮೆಚ್ಚಿನ ಕನ್ನಡ ಚಿತ್ರಗಳನ್ನು ದಶಕವಾರು, ಪ್ರಕಾರವಾರು ಪಟ್ಟಿ ಮಾಡೋಣವೆಂದು ನಾವು ಗೆಳೆಯರು ಕೂತಾಗ ಎಲ್ಲಕ್ಕಿಂತ ಹೆಚ್ಚು ಜಗಳ ಎದ್ದದ್ದು ಈ ಒಂದು ಪ್ರಶ್ನೆಗೆ. ‘ಅದು ಹೇಗಾಗುತ್ತೆ ಮಾರಾಯ, ಒಂದು ರಾಜಕುಮಾರ್ ಪಿಚ್ಚರ್, ಇನ್ನೊಂದು ಅವಾರ್ಡ್ ಪಿಚ್ಚರ್’ ಎಂದು ಒಬ್ಬ ಕೇಳಿದ. ಉಳಿದವರು ತಲೆಯಾಡಿಸಿದರು. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಯಾಕೆಂದು ಈ ವಾರ ಬಿಡಿಸಿ ಬರೆಯುತ್ತೇನೆ.

‘ಸಂಧ್ಯಾರಾಗ’ 1966ರದು, ಅ.ನ.ಕೃ. ಕಾದಂಬರಿ ಆಧರಿಸಿದ್ದು. ‘ಹಂಸಗೀತೆ’ 1975ರದು, ತ.ರಾ.ಸು. ಕಾದಂಬರಿ ಆಧರಿಸಿದ್ದು. ಎರಡರಲ್ಲೂ ಕಥಾನಾಯಕ ಹಾಡುಗಾರ. ಎರಡರಲ್ಲೂ ಸಂಗೀತವನ್ನು ಹಾಡಿನ ಸಂದರ್ಭಕ್ಕೆಂದು ತುರುಕಿಲ್ಲ, ಕಥೆಯೇ ಅದರ ಮೇಲೆ ನಿಂತಿದೆ. ಎರಡರಲ್ಲೂ ಕೇಳಿಸುವುದು ಬಾಲಮುರಳಿಕೃಷ್ಣ ಅವರ ಕಂಠ. ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರೂ ಹಾಡಿದ್ದಾರೆ, ‘ಹಂಸಗೀತೆ’ಯ ಗಾಯನಕ್ಕೆ ಬಾಲಮುರಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಲೆ ಮನುಷ್ಯನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎನ್ನುವುದೇ ಎರಡು ಚಿತ್ರಗಳ ಚಿಂತೆ. ‘ಹಂಸಗೀತೆ’ ಅದನ್ನು ಕೊನೆಯವರೆಗೂ ಒಯ್ಯುತ್ತದೆ. ಅರಸೊತ್ತಿಗೆಯ ಮುಂದೆ ಬಲವಂತಕ್ಕೆ ಹಾಡಲೊಪ್ಪದ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇಷ್ಟು ಹತ್ತಿರದ ಬಂಧುಗಳಾದ ಎರಡು ಚಿತ್ರಗಳು ನಮ್ಮ ಪಟ್ಟಿಗಳಲ್ಲಿ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಒಂದನ್ನು ‘ಸಾಮಾಜಿಕ’ ಎನ್ನುತ್ತೇವೆ, ಇನ್ನೊಂದನ್ನು ‘ಕಲಾತ್ಮಕ’ ಎಂದು ಬೇರೆ ಕೋಣೆಗೆ ಕಳಿಸುತ್ತೇವೆ.

‘ಕಲಾತ್ಮಕ’ ಒಂದು ಪ್ರಕಾರವೇ ಅಲ್ಲ. ಪೌರಾಣಿಕ, ಐತಿಹಾಸಿಕ, ಪತ್ತೇದಾರಿ, ಹಾಸ್ಯ, ಭಯಾನಕ ಎಂದರೆ ಚಿತ್ರದೊಳಗೆ ಏನಿದೆ ಎಂಬ ಸುಳಿವು ಸಿಗುತ್ತದೆ. ‘ಕಲಾತ್ಮಕ’ ಎಂದರೆ ಏನು ತಿಳಿಯಿತು? ಹಾಡು ಕಡಿಮೆ, ದುಡ್ಡು ಕಡಿಮೆ, ಜನ ಕಡಿಮೆ, ಪ್ರಶಸ್ತಿ ಇದೆ ಅನ್ನುವುದಷ್ಟೇ ತಾನೆ? ಇದು ಚಿತ್ರದ ವ್ಯಾಪಾರದ ವಿವರ, ವಸ್ತುವಿನ ವಿವರವಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಪ್ರಸಾರ ಮಾಡುತ್ತಿತ್ತು. ನನ್ನ ವಯಸ್ಸಿನವರು ಈ ಚಿತ್ರಗಳನ್ನು ನೋಡಿದ್ದೇ ಆಗ. ಅದೊಂದು ಉಪಕಾರವೇ ಸರಿ. ಆದರೆ ಬಂಗಾಳಿ, ಮಲಯಾಳಂ, ಅಸ್ಸಾಮಿ ಚಿತ್ರಗಳ ಸಾಲಿನಲ್ಲಿ ಕನ್ನಡದ ‘ಚೋಮನ ದುಡಿ’ಯೂ ಬಂದಾಗ ಅದು ‘ಬಂಗಾರದ ಮನುಷ್ಯ’ದ ನೆರೆಯ ಚಿತ್ರ ಎಂದು ಯಾರಿಗೂ ಹೊಳೆಯಲಿಲ್ಲ.

ನಿಜಕ್ಕೂ ಅವು ನೆರೆಹೊರೆಯವೇ. ‘ಬಂಗಾರದ ಮನುಷ್ಯ’ 1972, ‘ಭೂತಯ್ಯನ ಮಗ ಅಯ್ಯು’ 1974, ‘ಚೋಮನ ದುಡಿ’ 1975. ಮೊದಲೆರಡು ಸಿದ್ಧಲಿಂಗಯ್ಯನವರವು, ಮೂರನೆಯದು ಬಿ.ವಿ. ಕಾರಂತರದು. ಟಿ.ಕೆ. ರಾಮರಾವ್, ಗೊರೂರು ರಾಮಸ್ವಾಮಿ ಅಯ್ಯಂಗಾರ್, ಶಿವರಾಮ ಕಾರಂತ ಹೀಗೆ ಮೂರಕ್ಕೂ ಮೂಲ ಸಾಹಿತ್ಯವೇ. ಮೂರರ ವಿಷಯವೂ ನೆಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಉಳುವವನೇ ಒಡೆಯ ಎಂಬ ಮಾತು ಊರೂರಿನಲ್ಲಿ ಕೇಳಿಸುತ್ತಿದ್ದ ಆ ನಾಲ್ಕು ವರ್ಷಗಳಲ್ಲಿ ಕನ್ನಡ ಸಿನಿಮಾ ಮೂರು ಸಲ ಹೊಲಕ್ಕೆ ಹೋಗಿ ಮೂರು ಉತ್ತರ ತಂದಿತು.

ಈ ಮೂರನ್ನು ಒಂದಾದ ಮೇಲೊಂದು ನೋಡಿ. ‘ಬಂಗಾರದ ಮನುಷ್ಯ’ದ ರಾಜೀವ ಬಂಡೆ ಒಡೆದು ನೀರು ತರುತ್ತಾನೆ, ಬರಡು ನೆಲ ಹಸಿರಾಗುತ್ತದೆ. ದುಡಿದರೆ ಮಣ್ಣು ಕೈಬಿಡುವುದಿಲ್ಲ, ಕೈಬಿಡುವವರು ಮನೆಯ ಜನ ಎನ್ನುವುದು ಆ ಚಿತ್ರದ ನಂಬಿಕೆ. ಭೂತಯ್ಯನ ಊರಿನಲ್ಲಿ ಮಣ್ಣು ಸಾಲಪತ್ರದ ಹಿಂದೆ ಸಿಕ್ಕಿಕೊಂಡಿದೆ. ಎಂ.ಪಿ. ಶಂಕರ್ ಅವರ ಭೂತಯ್ಯ ಸತ್ತ ಮೇಲೂ ಅವನು ಬಿತ್ತಿದ ಹಗೆ ಮಗನ ತಲೆಮಾರಿಗೆ ದಾಟುತ್ತದೆ, ಲೋಕೇಶರ ಅಯ್ಯು ಅದನ್ನು ಹೊತ್ತು ನಡೆಯಬೇಕು. ಇನ್ನು ಚೋಮನ ವಿಷಯ. ಅವನ ಬಳಿ ಎತ್ತಿದೆ, ತೋಳಲ್ಲಿ ಬಲವಿದೆ, ಉಳಬೇಕೆಂಬ ಆಸೆಯಂತೂ ರಾಜೀವನಿಗಿಂತ ಒಂದು ಹಿಡಿ ಹೆಚ್ಚೇ ಇದೆ. ಹುಟ್ಟಿದ ಜಾತಿಯ ಕಾರಣಕ್ಕೆ ಅವನು ಬೇಸಾಯಗಾರನಾಗುವಂತಿಲ್ಲ. ‘ಬಂಗಾರದ ಮನುಷ್ಯ’ ನೋಡಿದ ಮರುದಿನ ಎಂ.ವಿ. ವಾಸುದೇವರಾವ್ ಗುಡಿಸಲಿನಲ್ಲಿ ದುಡಿ ಬಡಿಯುವುದನ್ನು ನೋಡಿದರೆ, ಹಿಂದಿನ ದಿನ ಬಂಡೆ ಒಡೆದ ಸದ್ದು ಬೇರೆಯಾಗಿಯೇ ಕೇಳಿಸುತ್ತದೆ. ರಾಜೀವನ ಶ್ರಮ ಫಲಿಸಲು ಮೊದಲು ಅವನಿಗೆ ನೆಲ ಮುಟ್ಟುವ ಹಕ್ಕಿತ್ತು ಎಂಬುದು ಆಗ ಹೊಳೆಯುತ್ತದೆ. ಇದರಿಂದ ‘ಬಂಗಾರದ ಮನುಷ್ಯ’ದ ತೂಕವೇನೂ ತಗ್ಗುವುದಿಲ್ಲ, ಅದನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತೇವೆ. ಸ್ವರ್ಣಕಮಲ ಪಡೆದ ಚಿತ್ರ, ವರ್ಷ ಮೀರಿ ಓಡಿದ ಚಿತ್ರ ಎಂದು ಎರಡು ಕಡೆ ಹಂಚಿಬಿಟ್ಟರೆ ಈ ಮಾತುಕತೆ ನಡೆಯುವುದು ಎಲ್ಲಿ?

ಗುಂಪಿನ ಹಿರಿಯರೊಬ್ಬರು ಇದಕ್ಕೆ ಒಂದು ತಕರಾರು ತೆಗೆದರು. ‘ನೀವು ಹೇಳೋದು ಕಥೆಯ ವಿಷಯ. ಆದರೆ ನೋಡುವವರಿಗೆ ಬೇಕಾಗಿರೋದು ನಡಿಗೆ. ಚೋಮನ ದುಡಿ ನಿಧಾನ, ಹಾಡು ಕುಣಿತ ಇಲ್ಲ. ಅದನ್ನು ಹೇಳದೆ ಬಂಗಾರದ ಮನುಷ್ಯದ ಪಕ್ಕ ಇಟ್ಟರೆ ಮೋಸ ಅಲ್ವೇ?’ ಮಾತಿನಲ್ಲಿ ಹುರುಳಿದೆ. ಆದರೆ ನಡಿಗೆಯೇ ಪ್ರಕಾರವಾಗುವುದಾದರೆ ಎನ್. ಲಕ್ಷ್ಮೀನಾರಾಯಣ್ ಅವರನ್ನು ಎಲ್ಲಿ ಕೂರಿಸುತ್ತೀರಿ? ರಾಜಕುಮಾರ್, ಕಲ್ಪನಾ, ಹರಿಣಿ ಇದ್ದ ‘ನಾಂದಿ’ಯನ್ನು ಅವರು 1964ರಲ್ಲೇ ಮಾಡಿದರು. ಕಿವಿ ಕೇಳಿಸದ, ಮಾತು ಬಾರದ ಹೆಣ್ಣಿನ ಸಂಸಾರವನ್ನು ಕರುಣೆ ಬೇಡದೆ, ಗದ್ದಲ ಮಾಡದೆ ತೋರಿಸಿದ ಚಿತ್ರ ಅದು. ಹಾಡೂ ಇದೆ, ತಾರೆಯರೂ ಇದ್ದಾರೆ, ನಡಿಗೆ ಮಾತ್ರ ಮುಂದಿನ ದಶಕದ್ದು. ಹೊಸ ಅಲೆ 1970ರಲ್ಲಿ ‘ಸಂಸ್ಕಾರ’ದಿಂದ ಶುರುವಾಯಿತು ಎಂದು ಪಾಠದಂತೆ ಒಪ್ಪಿಸುವವರ ಮುಂದೆ ನಾನು ಪ್ರತಿ ಸಲವೂ ‘ನಾಂದಿ’ಯ ಹೆಸರು ಎತ್ತುತ್ತೇನೆ. ಜಿ.ವಿ. ಅಯ್ಯರ್ ಅವರದೂ ಇಂಥದೇ ಕಥೆ. 1960ರಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಜೊತೆ ಸೇರಿ ‘ರಣಧೀರ ಕಂಠೀರವ’ ನಿರ್ಮಿಸಿದ ಮನುಷ್ಯನೇ 1975ರಲ್ಲಿ ‘ಹಂಸಗೀತೆ’ ನಿರ್ದೇಶಿಸಿದ್ದು. ಮಾಡಿದವರು ಗೋಡೆ ದಾಟಿ ಓಡಾಡುತ್ತಿದ್ದರು, ಗೋಡೆಯನ್ನು ಗಟ್ಟಿಯಾಗಿ ಕಟ್ಟಿಕೊಂಡವರು ನಾವು.

ದಶಕದ ಲೆಕ್ಕವೂ ಇಷ್ಟೇ ತೊಡಕಿನದು. ಎಪ್ಪತ್ತರ ದಶಕಕ್ಕೆ ಹತ್ತೇ ಚಿತ್ರ ಎಂದು ಮಿತಿ ಹಾಕಿಕೊಂಡರೆ ಕೈ ನಡುಗುತ್ತದೆ. ‘ಶರಪಂಜರ’, ‘ಕಸ್ತೂರಿ ನಿವಾಸ’, ‘ನಾಗರಹಾವು’, ‘ಎಡಕಲ್ಲು ಗುಡ್ಡದ ಮೇಲೆ’, ‘ಗಂಧದ ಗುಡಿ’, ‘ಕಾಡು’ ಎನ್ನುವಷ್ಟರಲ್ಲಿ 1973 ದಾಟಿರುವುದಿಲ್ಲ, ಪಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬಿರುತ್ತದೆ. ಇತ್ತ ಅರವತ್ತರ ಪಟ್ಟಿಯ ಕೊನೆಯಲ್ಲಿ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ವೂ (1967) ‘ಗೆಜ್ಜೆಪೂಜೆ’ಯೂ (1969) ತಮ್ಮದಲ್ಲದ ಮನೆಯಲ್ಲಿ ಕುಳಿತಿರುತ್ತವೆ. ಸೊನ್ನೆಯಲ್ಲಿ ಮುಗಿಯುವ ವರ್ಷಕ್ಕೆ ಸಿನಿಮಾ ಬದಲಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಕನ್ನಡದ ಎಪ್ಪತ್ತರ ದಶಕ 1967ರಲ್ಲಿ ‘ಬೆಳ್ಳಿಮೋಡ’ದೊಂದಿಗೆ ಶುರುವಾಗಿ 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ಯೊಂದಿಗೆ ಮುಗಿಯುತ್ತದೆ. ತ್ರಿವೇಣಿಯವರ ಕಾದಂಬರಿಯಿಂದ ಒಬ್ಬ ಹೆಣ್ಣಿನ ಮನಸ್ಸನ್ನು ಪರದೆಯ ನಡುಮಧ್ಯಕ್ಕೆ ತಂದು, ಹೀರೋನನ್ನು ಪಕ್ಕಕ್ಕೆ ಸರಿಸಿದ ಚಿತ್ರ ಮೊದಲನೆಯದು. ಶಂಕರ್ ನಾಗ್ ಎಂಬ ಹೊಸ ತಲೆಮಾರಿಗೆ ಬಾಗಿಲು ತೆರೆದದ್ದು ಎರಡನೆಯದು.

‘ಒಂದಾನೊಂದು ಕಾಲದಲ್ಲಿ’ಯನ್ನು ‘ಐತಿಹಾಸಿಕ’ದ ಸಾಲಿಗೆ ತನ್ನಿ ಎಂದಾಗಲೂ ವಿರೋಧ ಬಂತು. ರಾಜನಿಲ್ಲ, ಸಿಂಹಾಸನವಿಲ್ಲ, ಉದ್ದುದ್ದ ಸಂಭಾಷಣೆಯಿಲ್ಲ, ಅದು ಹೇಗೆ ಐತಿಹಾಸಿಕ ಎಂದು. ನನಗೆ ಬೇಕಾದ್ದೂ ಅದೇ. ಕುರೊಸಾವಾ ಚಿತ್ರಗಳಿಂದ ಪ್ರೇರಣೆ ಪಡೆದ ನಿರ್ದೇಶಕ ಗಿರೀಶ್ ಕಾರ್ನಾಡರು ಅದರಲ್ಲಿ ತೋರಿಸಿದ್ದು ಕೂಲಿಗೆ ಕತ್ತಿ ಹಿಡಿದ ಸೈನಿಕರನ್ನು. ‘ಮಯೂರ’ದ ಪಕ್ಕದಲ್ಲಿ ಅದನ್ನಿಟ್ಟರೆ, ಕನ್ನಡದಲ್ಲಿ ಕತ್ತಿ ಎತ್ತಿದವರೆಲ್ಲ ನಾಡಿಗಾಗಿಯೇ ಎತ್ತಲಿಲ್ಲ, ಹೊಟ್ಟೆಪಾಡಿಗೂ ಎತ್ತಿದರು ಎಂಬ ಸತ್ಯ ಆ ಪ್ರಕಾರದೊಳಕ್ಕೆ ಬರುತ್ತದೆ.

ಎಂಬತ್ತರ ದಶಕ ಬರಡು ಎನ್ನುವವರ ಜೊತೆ ಹೆಚ್ಚು ವಾದ ಮಾಡುವುದಿಲ್ಲ. ‘ಆಕ್ಸಿಡೆಂಟ್’ (1985), ‘ತಬರನ ಕಥೆ’ (1986) ಎಂದು ಎರಡು ಹೆಸರು ಹೇಳುತ್ತೇನೆ. ಮೊದಲನೆಯದನ್ನು ಸಾಮಾಜಿಕ ಕಳಕಳಿಯ ಚಿತ್ರ ಎಂದು ಹಾರ ಹಾಕಿ ದೂರ ಇಟ್ಟಿದ್ದೇವೆ. ನನಗದು ಅಪ್ಪಟ ಥ್ರಿಲ್ಲರ್. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹತ್ತಿಸಿದ ಶ್ರೀಮಂತರ ಹುಡುಗ, ಅದನ್ನು ಮುಚ್ಚಿಹಾಕಲು ಹೊರಟ ಅಧಿಕಾರ, ಬೆನ್ನು ಹತ್ತಿದ ಪತ್ರಕರ್ತ. ಅದನ್ನು ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಮತ್ತು ಪವನ್ ಕುಮಾರ್ ಅವರ ‘ಯು ಟರ್ನ್’ (2016) ಜೊತೆ ಕೂರಿಸಿ ನೋಡಿ. ಮೂವತ್ತು ವರ್ಷಗಳ ಆಚೆ ‘ಯು ಟರ್ನ್’ ಕೂಡ ರಸ್ತೆಯಲ್ಲಿ ನಡೆದ ಒಂದು ಬೇಜವಾಬ್ದಾರಿಯಿಂದಲೇ ಕಥೆ ಹೆಣೆಯುತ್ತದೆ, ಅಲ್ಲಿ ಫ್ಲೈಓವರ್ ಮೇಲಿನ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಳ್ಳುವವರು. ‘ತಬರನ ಕಥೆ’ಯನ್ನು ನಾನು ‘ಅಬಚೂರಿನ ಪೋಸ್ಟಾಫೀಸು’ (1973) ಪಕ್ಕ ಇಡುತ್ತೇನೆ. ಎರಡೂ ತೇಜಸ್ವಿಯವರ ಕಥೆಗಳು, ಎರಡೂ ಸರ್ಕಾರಿ ಯಂತ್ರದ ತೀರಾ ಸಣ್ಣ ಹಲ್ಲುಗಳ ಬಗ್ಗೆ. ಪಿಂಚಣಿಗೆ ಅಲೆಯುವ ಚಾರುಹಾಸನ್ ಅವರ ತಬರ ಗೊತ್ತಿದ್ದವರಿಗೆ ಅಬಚೂರಿನ ಬೋಬಣ್ಣನನ್ನು ಪರಿಚಯಿಸುವುದು ಸುಲಭ.

ಹೆಣ್ಣಿನ ಕಥೆಗಳ ಸಾಲಿನಲ್ಲಿ ನನಗೆ ಬಹಳ ಮುಖ್ಯವಾದ ಮೂರು ಚಿತ್ರಗಳಿವೆ. ‘ಗೆಜ್ಜೆಪೂಜೆ’, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ಪ್ರೇಮಾ ಕಾರಂತರ ‘ಫಣಿಯಮ್ಮ’. ಮೊದಲನೆಯದಕ್ಕೂ ಕೊನೆಯದಕ್ಕೂ ಮೂಲ ಎಂ.ಕೆ. ಇಂದಿರಾ ಅವರ ಕಾದಂಬರಿಗಳು ಎನ್ನುವುದನ್ನು ಎಷ್ಟು ಜನ ಒಟ್ಟಿಗೆ ನೆನೆಯುತ್ತಾರೆ? ಒಂದು ಕಲ್ಪನಾ ಅವರ ಕಣ್ಣೀರಿನ ಚಿತ್ರವಾಗಿ ಹೆಸರಾಯಿತು, ಇನ್ನೊಂದು ಚಿತ್ರೋತ್ಸವದ ಚಿತ್ರವಾಗಿ. ನಡುವಿನ ‘ಘಟಶ್ರಾದ್ಧ’ದಲ್ಲಿ ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಾ ಬಸಿರಾಗಿ, ಬದುಕಿರುವಾಗಲೇ ಅವಳ ಶ್ರಾದ್ಧ ನಡೆಯುತ್ತದೆ. ‘ಗೆಜ್ಜೆಪೂಜೆ’ಯ ಚಂದ್ರಾ ಮದುವೆಯಾಗಿ ಬಾಳಬೇಕೆಂದಿದ್ದವಳು, ಅವಳ ಕಾಲಿಗೆ ಗೆಜ್ಜೆ ಕಟ್ಟುವ ಶಾಸ್ತ್ರವೇ ಅವಳ ಪಾಲಿಗೆ ಸಾವಾಗುತ್ತದೆ. ಎರಡೂ ಕಡೆ ಒಂದು ಶಾಸ್ತ್ರ, ನೆರೆದ ಜನ, ನಡುವೆ ಒಬ್ಬ ಹುಡುಗಿ. ಪುಟ್ಟಣ್ಣ ಅದನ್ನು ಅವಳ ಮುಖದ ಹತ್ತಿರ ಹೋಗಿ, ಹಾಡಿನಲ್ಲಿ, ಬಣ್ಣಿಸಿ ಹೇಳುತ್ತಾರೆ. ಕಾಸರವಳ್ಳಿ ಅದನ್ನು ನಾಣಿ ಎಂಬ ಸಣ್ಣ ಹುಡುಗನ ಕಣ್ಣಿಗೆ ಬಿಡುತ್ತಾರೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕನನ್ನು ಅವನು ಊರು ಬಿಡುವಾಗ ನೋಡುತ್ತಾನೆ, ಪೂರ್ತಿ ಅರ್ಥವೂ ಆಗಿರುವುದಿಲ್ಲ. ಅಳಿಸುವ ದಾರಿಯೂ ಅಳಿಸದ ದಾರಿಯೂ ಒಂದೇ ಗಾಯಕ್ಕೆ ಹೋಗುತ್ತವೆ. ಇದನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಪುಟ್ಟಣ್ಣನವರನ್ನು ಬರೀ ಮೆಲೋಡ್ರಾಮಾ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಪ್ರಕಾರಗಳನ್ನು ವಸ್ತುವಿನ ಮೇಲೆ ಕಟ್ಟಲು ಹೊರಟರೆ ಹೊಸ ಸಾಲುಗಳೂ ತಾವಾಗಿ ಹುಟ್ಟುತ್ತವೆ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ, ಯಾರು ಬೆಂಕಿ ಕೊಡಬೇಕೆಂದು ಅಗ್ರಹಾರ ಕಂಗಾಲಾಗಿದೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೇ ದಿನದ ಊಟದೊಳಗೆ ಮಗ, ಮೊಮ್ಮಗ, ಮರಿಮೊಮ್ಮಗ ತಮ್ಮ ತಮ್ಮ ಗಡಿಬಿಡಿಯಲ್ಲಿದ್ದಾರೆ. ನಲವತ್ತೈದು ವರ್ಷಗಳ ಅಂತರ. ಒಂದು ಮಲೆನಾಡಿನ ಅಗ್ರಹಾರ, ಒಂದು ಮಂಡ್ಯದ ಹಳ್ಳಿ. ಒಂದರಲ್ಲಿ ನಗು ಇಲ್ಲವೇ ಇಲ್ಲ, ಇನ್ನೊಂದರಲ್ಲಿ ನಗದೆ ಕೂರಲಾಗುವುದಿಲ್ಲ. ಸತ್ತವನಿಗೆ ಏನು ಮಾಡಬೇಕು ಎಂಬ ಪ್ರಶ್ನೆಯಿಂದ ಬದುಕಿರುವವರ ಬಣ್ಣ ಬಯಲಾಗುವುದು ಎರಡರಲ್ಲೂ ಒಂದೇ ಬಗೆ. ಹಿರಿಯರು ಕೊನೆಗೆ ಒಪ್ಪಿ, ಅಂತ್ಯಕ್ರಿಯೆಯ ಚಿತ್ರಗಳೆಂದು ಹೊಸ ಹಾಳೆ ತೆಗೆದು ಈ ಎರಡು ಹೆಸರನ್ನೂ ಬರೆದರು. ಮೂರನೆಯದು ಯಾವುದು ಎಂದು ಈಗ ಜಗಳ. ‘ಘಟಶ್ರಾದ್ಧ’ವನ್ನು ಹೆಣ್ಣಿನ ಕಥೆಗಳ ಸಾಲಿನಿಂದ ತೆಗೆದು ಇಲ್ಲಿಗೆ ತರಬೇಕು ಎನ್ನುವುದು ಅವರ ವಾದ. ಎರಡೂ ಹಾಳೆಗಳಲ್ಲಿ ಬರೆಯಿರಿ ಎನ್ನುವುದು ನನ್ನದು.