ಅಟ್ಟದತ್ತ ದಿಟ್ಟಿಸುವ ನಾಯಿ

ಯಲ್ಲದಕೆರೆ ಆಸುಪಾಸಿನ ತೋಟದ ಮನೆಗಳಲ್ಲಿ ಅಟ್ಟದ ತುಂಬ ತೆಂಗಿನಕಾಯಿ. ಸುಲಿಯದೆ ಗುಡ್ಡೆ ಹಾಕಿದ ಕಾಯಿ ತಿಂಗಳುಗಟ್ಟಲೆ ಅಲ್ಲೇ ಒಣಗಿ, ಒಳಗೊಳಗೇ ಉಂಡೆ ಕೊಬ್ಬರಿಯಾಗುತ್ತದೆ. ಇಂಥ ಮನೆಯ ನಾಯಿ ಕೆಲವೊಮ್ಮೆ ನಡುರಾತ್ರಿ ಎದ್ದು, ತಲೆ ಓರೆ ಮಾಡಿ, ಅಟ್ಟದ ಹಲಗೆಯನ್ನೇ ದಿಟ್ಟಿಸುತ್ತಾ ನಿಂತುಬಿಡುತ್ತದೆ. ಬೊಗಳುವುದೂ ಇಲ್ಲ, ಅಲ್ಲಿಂದ ಕದಲುವುದೂ ಇಲ್ಲ. ಬ್ಯಾಟರಿ ಬಿಟ್ಟು ನೋಡಿದರೆ ಅಲ್ಲೇನೂ ಕಾಣದು. ನಾಯಿಗೆ ದೆವ್ವ ಕಾಣುತ್ತದೆ ಎಂಬ ಮಾತು ಊರೂರಲ್ಲಿ ಹುಟ್ಟಿದ್ದು ಇಂಥ ರಾತ್ರಿಗಳಿಂದಲೇ ಇರಬೇಕು.

ಅಲ್ಲಿರುವುದು ಇಲಿ. ಇಲಿಗಳು ಬೆದರಿದಾಗ ಸುಮಾರು 22 ಕಿಲೋಹರ್ಟ್ಸ್ ಕಂಪನದಲ್ಲಿ ಕೂಗುತ್ತವೆ, ಖುಷಿಯಲ್ಲಿದ್ದಾಗ 50ರ ಆಸುಪಾಸಿನಲ್ಲಿ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೇ ನಿಂತುಹೋಗುತ್ತದೆ, ಅದೂ ಎಳೆಯ ವಯಸ್ಸಿನಲ್ಲಿ. ನಾಯಿಯ ಕಿವಿ ಸುಮಾರು 45ರವರೆಗೂ ಕೇಳುತ್ತದೆ. ಹಾಗಾಗಿ ನಮಗೆ ಸದ್ದೇ ಇಲ್ಲದ ಅಟ್ಟದಲ್ಲಿ ನಾಯಿಗೆ ಸಂತೆಯ ಗದ್ದಲ. ತಲೆ ಓರೆ ಮಾಡಿದರೆ, ಕಿವಿಯನ್ನು ಅತ್ತಿತ್ತ ತಿರುಗಿಸಿದರೆ, ಸದ್ದು ಯಾವ ಮೂಲೆಯದೆಂದು ಅಳೆಯುತ್ತಿದೆ ಎಂದೇ ತಿಳಿಯಿರಿ. ಬೆಳಿಗ್ಗೆ ಆ ಹಲಗೆಯ ಮೇಲಿನ ಕಾಯಿ ಸರಿಸಿ ನೋಡುವುದು, ನಾಯಿಯನ್ನು ಗದರಿ ಮಲಗಿಸುವುದಕ್ಕಿಂತ ಎಷ್ಟೋ ಮೇಲು.

ನಾಯಿ ವಿಚಿತ್ರವಾಗಿ ಆಡುತ್ತಿದೆ ಅಂತ ನಾವು ಅನ್ನುವಾಗ ಬಹುಪಾಲು ಸಲ ಅದು ನಮಗೆ ಮುಟ್ಟದ ಯಾವುದೋ ಸುದ್ದಿಗೆ ತಕ್ಕಂತೆ ನಡೆದುಕೊಳ್ಳುತ್ತಿರುತ್ತದೆ. ನಾಯಿ ಸಾಕುವವರು ಮೊದಲು ಕಲಿಯಬೇಕಾದ ಪಾಠ ಇದು ಎಂಬುದು ನನ್ನ ಗಟ್ಟಿ ನಂಬಿಕೆ. ಕೂರು, ಬಾ, ಕೈ ಕೊಡು ಎಂದು ಅದಕ್ಕೆ ಕಲಿಸುವುದೆಲ್ಲ ಆಮೇಲಿನದು.

ನಮ್ಮ ನಾಡಿಗೆ ನಾಯಿಯ ಮೇಲಿನ ಪ್ರೀತಿ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನಕ್ಕೆ ಸಾವಿರಕ್ಕೂ ಹೆಚ್ಚು ವರ್ಷ. ಕ್ರಿ.ಶ. 949–50ರದು, ಗಂಗರ ಬೂತುಗನ ಕಾಲ. ಮಣಲೆರ ಎಂಬ ವೀರ ಬೇರೆ ಏನನ್ನೂ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಕಾಡುಹಂದಿಯೊಂದಿಗೆ ಕಾದಾಡಿ ಕಾಳಿಯೂ ಹಂದಿಯೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಕೆಚ್ಚನ್ನು, ನಿಯತ್ತನ್ನು ಇಷ್ಟು ಹೊಗಳಿದ ನಾವು ಅದರ ಮೂಗಿನ ಬಗ್ಗೆ ಆಡಿದ್ದು ಕಡಿಮೆ. ಆದರೆ ಹಂದಿ ಯಾವ ಪೊದೆಯಲ್ಲಿದೆಯೆಂದು ಕಾಳಿಗೆ ಹೇಳಿದ್ದು ಮೂಗೇ ಇರಬೇಕಲ್ಲವೆ!

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50–60 ಲಕ್ಷ. ನಾಯಿಯಲ್ಲಿ, ತಳಿಗೆ ತಕ್ಕಂತೆ, 10 ಕೋಟಿಯಿಂದ 30 ಕೋಟಿ. ಲೆಕ್ಕ ಒಂದೇ ಅಲ್ಲ, ಮೂಗಿನ ಕಟ್ಟಣೆಯೇ ಬೇರೆ. ಮೂಸುವಾಗ ಅದು ಸೆಕೆಂಡಿಗೆ ಸುಮಾರು ಐದು ಸಲ ಉಸಿರೆಳೆಯುತ್ತದೆ. ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳುಗಳಿಂದ ಆಚೆ ಹೋಗುವುದರಿಂದ ಎದುರಿಗಿರುವ ವಾಸನೆ ಚದುರುವುದಿಲ್ಲ. ಇನ್ನು ಬಾಯಿಯ ಅಂಗಳದ ಮೇಲಿನ ಅಂಗವೊಂದು ಬೇರೆ ನಾಯಿಗಳ ಮೈ, ಮೂತ್ರದ ಗುಟ್ಟುಗಳನ್ನು ತಿಳಿಯಲೆಂದೇ ಇದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಿರಿಯೂರು ಸೀಮೆಯ ಒಂದು ಸಾಮಾನ್ಯ ದೃಶ್ಯ ನೋಡಿ. ಸೋನೆ ಮಳೆಯಲ್ಲಿ ಕುರಿ ಕಾಯಲು ಹೋದವನು ಕಂಬಳಿ ಕೊಪ್ಪೆ ಹಾಕಿಕೊಂಡು ಹಟ್ಟಿಗೆ ಬರುತ್ತಾನೆ. ರೊಪ್ಪದ ಬಾಯಲ್ಲಿ ಮಲಗಿದ್ದ ಅವನದೇ ನಾಯಿ ಹಲ್ಲು ಕಿರಿದು ಮೈಮೇಲೆ ಬರುತ್ತದೆ. ಹತ್ತು ಹೆಜ್ಜೆ ಆಗುವಷ್ಟರಲ್ಲಿ ಅದೇ ನಾಯಿ ಬಾಲ ಅಲ್ಲಾಡಿಸುತ್ತಾ ನೆಲಕ್ಕೆ ಹೊಟ್ಟೆ ಹಚ್ಚುತ್ತದೆ. ನಿಯತ್ತು ಕೆಟ್ಟು ಸರಿಹೋಯಿತೇ? ಕೊಪ್ಪೆ ಹಾಕಿದ ಆಕಾರ ಕಣ್ಣಿಗೆ ಅಪರಿಚಿತ. ಗಾಳಿ ನಾಯಿಯ ಕಡೆಯಿಂದ ಅವನ ಕಡೆಗೆ ಬೀಸುತ್ತಿದ್ದುದರಿಂದ ಮೂಗಿಗೆ ಗುರುತು ಸಿಕ್ಕಿರಲಿಲ್ಲ. ಗಾಳಿ ತಿರುಗಿತು, ಯಜಮಾನ ಸಿಕ್ಕಿದ. ಕಣ್ಣು ತಂದ ಚಾಡಿಯನ್ನು ನಾಯಿ ನಂಬುವುದು ಮೂಗು ಗುರುತು ಹೇಳುವವರೆಗೆ ಮಾತ್ರ.

ಹವೆಗೂ ಇದರಲ್ಲಿ ದೊಡ್ಡ ಪಾಲಿದೆ. ನಮ್ಮದು ಮಳೆ ಕಡಿಮೆಯ ಸೀಮೆ. ಏಪ್ರಿಲ್ ಮಧ್ಯಾಹ್ನ ಕಾದ ನೆಲದ ಮೇಲೆ ವಾಸನೆ ಬೇಗ ಹಾರಿಹೋಗುತ್ತದೆ. ನಾಲಿಗೆ ಚಾಚಿ ತೇಕುವ ನಾಯಿ ಸರಿಯಾಗಿ ಮೂಸಲೂ ಆರದು. ಮಧ್ಯಾಹ್ನ ಕರೆದರೂ ಏಳದ ನಾಯಿ ಇಬ್ಬನಿಯ ಬೆಳಗಿನಲ್ಲಿ ಬದುವಿನ ಪ್ರತಿ ಕಲ್ಲಿಗೂ ಮೂಗು ಹಚ್ಚುವುದು ಇದಕ್ಕೇ. ತೇವದ ನೆಲ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಆರೋಪಿಯ ಸುಳಿವು ಕೊಟ್ಟಿದ್ದು ನಮ್ಮ ಪಕ್ಕದ ಜಿಲ್ಲೆಯವರಿಗೆಲ್ಲ ಗೊತ್ತಿರುವ ಸಂಗತಿ. ಅದು ಮಳೆಗಾಲದ ಓಟ ಎಂಬುದನ್ನು ಮರೆಯಬಾರದು. ತುಂಗಾಳ ತರಬೇತಿ ನಮ್ಮ ಅಂಗಳದ ಕರಿಯನಿಗೆ ಇಲ್ಲದಿರಬಹುದು, ಮೂಗು ಮಾತ್ರ ಅದೇ ಜಾತಿಯದು. ಬೆಳಿಗ್ಗೆ ತಿರುಗಾಡಿಸಲು ಕರೆದೊಯ್ದಾಗ ಅದು ನಿಂತಲ್ಲಿ ನಿಲ್ಲಲು ಬಿಡಿ. ಹಗ್ಗ ಜಗ್ಗಿ ಎಳೆದೊಯ್ಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಿರುಗಾಟದ ಸಾರವೆಲ್ಲ ನಾಯಿಗೆ ಇರುವುದೇ ಆ ನಿಲುಗಡೆಗಳಲ್ಲಿ.

ಮನೆಯೊಳಗಿನ ದೂರುಗಳಿಗೆ ಬರೋಣ. ಬಾಗಿಲ ಮೂಲೆಯಲ್ಲಿ ಉಚ್ಚೆ ಹೊಯ್ದಿತೆಂದು ಫಿನಾಯಿಲ್ ಸುರಿದು ಒರೆಸುತ್ತೇವೆ, ಮರುದಿನ ಮತ್ತೆ ಅದೇ ಮೂಲೆ. ಫಿನಾಯಿಲ್ ಆ ವಾಸನೆಯನ್ನು ಮುಚ್ಚಿದ್ದು ನಮ್ಮ ಮೂಗಿಗೆ ಮಾತ್ರ. ನಾಯಿಗೆ ತನ್ನ ಗುರುತೂ ಕಾಣುತ್ತಿದೆ, ಅದರ ಮೇಲೆ ಯಾರೋ ಘಾಟಾಗಿ ಬರೆದದ್ದೂ ಕಾಣುತ್ತಿದೆ. ಅದಕ್ಕೇ ಮತ್ತೆ ಬರೆಯುತ್ತದೆ. ಸ್ನಾನ ಮಾಡಿಸಿ ಬಿಟ್ಟ ಗಳಿಗೆಗೇ ತಿಪ್ಪೆಗೆ ಓಡಿ ಹೊರಳಾಡುವುದೂ ಹೀಗೆಯೇ: ಘಮಘಮ ಸೋಪು ಅದರ ಮೈಯ ಸ್ವಂತ ವಾಸನೆಯನ್ನು ತೊಳೆದು ಹಾಕಿರುತ್ತದೆ. ತೋಳಗಳೂ ಕಟುವಾದ ವಾಸನೆ ಕಂಡಲ್ಲಿ ಹೊರಳಾಡುತ್ತವೆ. ನೆಂಟರು ಬಂದಾಗ ತೊಡೆಸಂದಿಗೆ ಮೂಗಿಟ್ಟು ನಮ್ಮನ್ನು ಮುಜುಗರಕ್ಕೆ ತಳ್ಳುತ್ತದಲ್ಲ, ಮೈವಾಸನೆ ಸೂಸುವ ಗ್ರಂಥಿಗಳು ದಟ್ಟವಾಗಿರುವುದು ಕಂಕುಳಲ್ಲಿ ಮತ್ತು ಅಲ್ಲಿ. ಕಂಕುಳು ಅದಕ್ಕೆ ಎಟುಕುವುದಿಲ್ಲ, ಅಷ್ಟೇ.

ಒಗೆದ ಬಟ್ಟೆ ಬಿಟ್ಟು ಮೈಮೇಲಿಂದ ತೆಗೆದ ಅಂಗಿಯನ್ನೇ ಎಳೆದೊಯ್ಯುವ, ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುವ ನಾಯಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ತಂಡದವರು 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಎಚ್ಚರವಾಗಿಯೇ ಅಲುಗದೆ ಮಲಗುವುದನ್ನು ಅಭ್ಯಾಸ ಮಾಡಿಸಿ, ಬೇರೆ ಬೇರೆ ವಾಸನೆ ತೋರಿಸಿ ಮಿದುಳನ್ನು ಗಮನಿಸಿದರು. ಒಳ್ಳೆಯದೇನೋ ಬರಲಿದೆ ಎಂದಾಗ ಚುರುಕಾಗುವ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸಿದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯ ಎದುರಿಗೆ ಇರಲೇ ಇಲ್ಲ, ವಾಸನೆ ಮಾತ್ರ ಇತ್ತು. 2022ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜನರಿಗೆ ಕಷ್ಟದ ಬಾಯಿಲೆಕ್ಕ ಕೊಟ್ಟು, ಅದರ ಮುಂಚಿನ ಮತ್ತು ಆಮೇಲಿನ ಬೆವರು, ಉಸಿರನ್ನು ನಾಯಿಗಳ ಮುಂದಿಟ್ಟರು. ಒತ್ತಡಕ್ಕೆ ಸಿಕ್ಕವರ ವಾಸನೆಯನ್ನು ಅವು ನೂರಕ್ಕೆ 93ಕ್ಕೂ ಹೆಚ್ಚು ಸಲ ಸರಿಯಾಗಿ ಆರಿಸಿದವು. ಕೊಳವೆಬಾವಿ ಬತ್ತಿದ ದಿನ, ಸಾಲದ ಕಂತಿನ ದಿನ, ಯಾರಿಗೂ ಏನೂ ಹೇಳದೆ ಜಗಲಿಯಲ್ಲಿ ಕೂತ ಮನುಷ್ಯನ ಪಕ್ಕಕ್ಕೆ ನಾಯಿ ಬಂದು ಮೈ ಒತ್ತಿ ಕೂರುವುದನ್ನು ಕಂಡವರಿಗೆ ಈ ಅಂಕಿ ಆಶ್ಚರ್ಯ ತರಲಾರದು.

ಮೂಗಿನ ಮಾತು ಎಲ್ಲ ತಳಿಗೂ ಒಂದೇ ತೂಕದ್ದಲ್ಲ. ಬಾಗಲಕೋಟೆ ಕಡೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಮೂತಿ ಉದ್ದವಿರುವ ನಾಯಿಗಳ ಕಣ್ಣಿನ ಹಿಂಪರದೆಯಲ್ಲಿ ದೃಷ್ಟಿಕೋಶಗಳು ಅಡ್ಡಪಟ್ಟಿಯಾಗಿ ಹರಡಿರುವುದರಿಂದ ಹೊಲದ ಈ ಅಂಚಿನಿಂದ ಆ ಅಂಚಿನವರೆಗೆ ಏನು ಅಲುಗಿದರೂ ಅದಕ್ಕೆ ಕಾಣುತ್ತದೆ. ತೋಟ ಕಾಯಲೆಂದು ಮುಧೋಳ ತಂದು, ಅದು ಕೋಳಿ, ಬೈಕುಗಳ ಹಿಂದೆ ಓಡುತ್ತದೆಂದು ಬೈದರೆ ತಪ್ಪು ನಾಯಿಯದಲ್ಲ. ಬಣ್ಣದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಮತ್ತು ಹಸಿರು ಬೇರೆ ಬೇರೆ ಎನ್ನಿಸುವುದಿಲ್ಲ. ಗರಿಕೆಯಲ್ಲಿ ಬಿದ್ದ ಕೆಂಪು ಚೆಂಡನ್ನು ಕಾಲ ಬುಡದಲ್ಲೇ ಇದ್ದರೂ ಹುಡುಕುತ್ತಾ ಸುತ್ತುವುದು ಅದಕ್ಕೇ. ಮಕ್ಕಳಿಗೆ ಹಳದಿ ಚೆಂಡು ಕೊಡಿಸಿ.

ಕುಕ್ಕರ್ ಕೂಗಿದರೆ, ಮಿಕ್ಸಿ ತಿರುಗಿದರೆ ಮಂಚದಡಿ ಸೇರುವ ನಾಯಿಗೆ ಅವು ನಮಗಿಂತ ಹರಿತವಾಗಿ ಕೇಳುತ್ತವೆ. ದೀಪಾವಳಿಯಂತೂ ಅದರ ಪಾಲಿಗೆ ನರಕ. ಪಟಾಕಿ ಯಾವಾಗ, ಎಲ್ಲಿ ಸಿಡಿಯುತ್ತದೋ ಅದಕ್ಕೆ ತಿಳಿಯದು, ಮದ್ದಿನ ಘಾಟಿನಲ್ಲಿ ನಚ್ಚಿಕೊಂಡ ಮೂಗೂ ಕೈಕೊಡುತ್ತದೆ. ಆ ಮೂರು ರಾತ್ರಿ ಅದನ್ನು ಒಳಮನೆಗೆ ಬಿಟ್ಟುಕೊಳ್ಳಿ. ಕಿಟಕಿ ಮುಚ್ಚಿ, ನೀರು ಇಟ್ಟು, ನೀವು ಉಟ್ಟು ಬಿಟ್ಟ ಪಂಚೆಯನ್ನೋ ಸೀರೆಯನ್ನೋ ಒಗೆಯದೆ ಹಾಸಿಕೊಡಿ. ಸರಪಳಿ ಮಾತ್ರ ಹಾಕಬೇಡಿ. ಓಡಲೂ ಆಗದೆ, ಅವಿತುಕೊಳ್ಳಲೂ ಆಗದೆ ಜಗ್ಗಾಡುವ ನಾಯಿ ಬೆಳಗಾಗುವುದರೊಳಗೆ ಕುತ್ತಿಗೆ ಗಾಯ ಮಾಡಿಕೊಂಡಿರುತ್ತದೆ.