‘ಹಮ್ಮು-ಬಿಮ್ಮು’: ವೈರದಿಂದ ಒಲವಿಗೆ

ವೈರದಲ್ಲಿ ಮೊದಲಾಗಿ ಒಲವಿನಲ್ಲಿ ಕೊನೆಗೊಳ್ಳುವ ಪ್ರಣಯಕಥೆ ಕನ್ನಡಕ್ಕೆ ಹೊಸದಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಯಜ್ಞಾಶ್ವವನ್ನು ಕಟ್ಟಿಹಾಕಿದ ಪ್ರಮೀಳೆ ಅರ್ಜುನನೊಡನೆ ಕಾದುತ್ತಾಳೆ, ಕಾಳಗವು ಕಲ್ಯಾಣದಲ್ಲಿ ಮುಗಿಯುತ್ತದೆ. ಯಕ್ಷಗಾನದ ಮೀನಾಕ್ಷಿ ದಿಗ್ವಿಜಯಕ್ಕೆಂದು ಹೊರಟು ಶಿವನೆದುರು ನಾಚಿ ನಿಲ್ಲುತ್ತಾಳೆ. ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ರೂಪಾಂತರವಾದ ಪರ್ವತವಾಣಿಯವರ ‘ಬಹದ್ದೂರ್ ಗಂಡ’, ಧುತ್ತರಗಿಯವರ ನಾಟಕವನ್ನು ಆಧರಿಸಿ 1974ರಲ್ಲಿ ತೆರೆಗೆ ಬಂದ ‘ಸಂಪತ್ತಿಗೆ ಸವಾಲ್’, ಇವೆರಡೂ ಇದೇ ಜಾಡಿನವು. ಇವುಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಮನಸ್ಸು ಇಲ್ಲಿ ತಾನಾಗಿ ತಿರುಗುವುದಿಲ್ಲ; ಹೊರಗಿನದೊಂದು ಶಕ್ತಿ ಅದನ್ನು ತಿರುಗಿಸುತ್ತದೆ. ಅರ್ಜುನನಿಗೆ ಅಶರೀರವಾಣಿ ಬೇಕಾಗುತ್ತದೆ. ಉಳಿದೆಡೆಗಳಲ್ಲಿ ಹೆಣ್ಣಿನ ಹಮ್ಮು ಮುರಿದೊಡನೆ ಕಥೆಯೂ ಮುಗಿಯುತ್ತದೆ. ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ, ದೇ. ಜವರೇಗೌಡರು ‘ಹಮ್ಮು-ಬಿಮ್ಮು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದ ಜೇನ್ ಆಸ್ಟಿನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ.

ಕಥೆ ನಡೆಯುವುದು ಮೆರಿಟನ್ ಎಂಬ ಸಣ್ಣ ಪೇಟೆಯ ಸುತ್ತಮುತ್ತ. ಅಲ್ಲಿಗೆ ಒಂದು ಮೈಲಿ ದೂರದ ಲಾಂಗ್‌ಬೋರ್ನಿನಲ್ಲಿ ಬೆನೆಟ್ ದಂಪತಿಗಳೂ ಅವರ ಐವರು ಹೆಣ್ಣುಮಕ್ಕಳೂ ವಾಸವಾಗಿದ್ದಾರೆ. ತಮ್ಮ ಮನೆಗೆ ಇಪ್ಪತ್ತನಾಲ್ಕು ಕುಟುಂಬಗಳೊಡನೆ ಊಟದ ಬಳಕೆಯುಂಟೆಂದು ಶ್ರೀಮತಿ ಬೆನೆಟ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಆಸ್ಟಿನ್ ಇದನ್ನು ಹಾಸ್ಯಕ್ಕೆಂದು ಬರೆದಿದ್ದರೂ ಕಾದಂಬರಿಯ ಯಂತ್ರವೆಲ್ಲ ಈ ಸಂಖ್ಯೆಯಲ್ಲಿ ಅಡಗಿದೆ. ಇಪ್ಪತ್ತನಾಲ್ಕು ಮನೆಗಳ ಲೋಕದಲ್ಲಿ ಒಬ್ಬರನ್ನೊಬ್ಬರು ನೋಡದೆ ಇರುವಂತಿಲ್ಲ. ನೋಡಿದ ಮೇಲೆ ತೀರ್ಪು ಕೊಡದೆ ಇರುವಂತಿಲ್ಲ. ಕೊಟ್ಟ ತೀರ್ಪನ್ನು ಹಿಂದೆಗೆಯುವುದಂತೂ ಬಲು ಕಷ್ಟ. ನೃತ್ಯಕೂಟವೊಂದರಲ್ಲಿ ಡಾರ್ಸಿ ಎಲಿಜಬೆತ್‌ಳ ರೂಪವನ್ನು ಕುರಿತು ಆಡಿದ ತಾತ್ಸಾರದ ಮಾತು ಅವಳ ಕಿವಿಗೆ ಬೀಳುತ್ತದೆ. ಅಂದೇ ಊರು ಅವನನ್ನು ಗರ್ವಿಷ್ಠನೆಂದು ಗೊತ್ತುಮಾಡಿಬಿಡುತ್ತದೆ. ಬಳಿಕ ನಯವಾದ ಮಾತಿನ ವಿಕ್‌ಹ್ಯಾಮ್ ಬಂದು ಡಾರ್ಸಿ ತನಗೆ ವಂಚಿಸಿದನೆಂದಾಗ ಎಲಿಜಬೆತ್ ಸಾಕ್ಷ್ಯವನ್ನೇ ಕೇಳದೆ ನಂಬುತ್ತಾಳೆ. ಮಂದಮತಿಯಾಗಿ ಅಲ್ಲ, ಆ ಕಥೆ ಅವಳ ಮೊದಲ ತೀರ್ಪಿಗೆ ಹೊಂದಿಕೊಂಡಿತೆಂಬುದಕ್ಕಾಗಿ.

ಈ ವೈರ ಬರಿಯ ಮಾತಿನ ಚಕಮಕಿಯಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಬೆನೆಟ್ಟನ ಆಸ್ತಿಯ ಆದಾಯ ವರ್ಷಕ್ಕೆ 2,000 ಪೌಂಡು. ಆದರೆ ಗಂಡು ವಾರಸುದಾರನಿಗೇ ಸಲ್ಲಬೇಕೆಂಬ ಕಟ್ಟಳೆಯಿಂದಾಗಿ ಅದು ಅವನ ನಂತರ ದೂರದ ನಂಟನಾದ ಕಾಲಿನ್ಸನ ಪಾಲಾಗುವುದು. ಅಳಿಯಸಂತಾನದ ಕಟ್ಟನ್ನು ಬಲ್ಲ ತುಳುನಾಡಿನ ವಾಚಕನಿಗೆ ಈ ಏರ್ಪಾಡು ಕನ್ನಡಿಯೊಳಗಿನ ಬಿಂಬದಂತೆ ತಿರುಗುಮುರುಗಾಗಿ ಕಂಡೀತು. ಎಲಿಜಬೆತ್‌ಳಿಗೆ ಉಳಿಯುವುದು ತಾಯಿಯ ಕಾಲಾನಂತರ ಶೇಕಡ 4ರ ಬಡ್ಡಿ ತರುವ 1,000 ಪೌಂಡು ಮಾತ್ರ. ಮದುವೆಯ ಪ್ರಸ್ತಾಪ ಮಾಡುವಾಗಲೇ ಕಾಲಿನ್ಸ್ ಈ ಲೆಕ್ಕವನ್ನು ಅವಳ ಮುಂದಿಡುತ್ತಾನೆ. ಅದು ವರ್ಷಕ್ಕೆ 40 ಪೌಂಡು. ಡಾರ್ಸಿಯ ವರ್ಷಾದಾಯ 10,000 ಪೌಂಡೆಂದು ಊರೆಲ್ಲ ಬಲ್ಲದು. ತನ್ನ ಪಾಲಿನ ಇನ್ನೂರೈವತ್ತು ಪಟ್ಟನ್ನು ಅವಳು ಒಂದು ಸಂಜೆಯ ಮಾತಿನಲ್ಲಿ ತಿರಸ್ಕರಿಸುತ್ತಾಳೆ. ಅವಳ ಗೆಳತಿ ಷಾರ್ಲಟ್ ಇಂತಹುದೇ ಲೆಕ್ಕವನ್ನು ಹಾಕಿ ಕಾಲಿನ್ಸನನ್ನು ವರಿಸಿದವಳು. ಆಸ್ಟಿನ್ ಷಾರ್ಲಟ್‌ಳನ್ನು ಹಂಗಿಸುವುದಿಲ್ಲ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿ ಎಲಿಜಬೆತ್‌ಳ ನಿರಾಕರಣೆಯ ತೂಕವನ್ನು ತಿಳಿಸುತ್ತಾಳೆ.

ಶೃಂಗಾರಕ್ಕೆ ರೌದ್ರವು ವಿರೋಧಿಯೆಂದು ಆಲಂಕಾರಿಕರು ಎಣಿಸಿದ್ದಾರೆ. ವಿರೋಧಿ ರಸಗಳೆರಡು ಒಂದೇ ಕೃತಿಯಲ್ಲಿ ಬರಬೇಕಾದರೆ ನಡುವೆ ಮತ್ತೊಂದನ್ನು ಇಡಬೇಕೆಂಬುದು ಆನಂದವರ್ಧನನ ಮತ. ‘ನಾಗಾನಂದ’ದಲ್ಲಿ ಶಾಂತ-ಶೃಂಗಾರಗಳ ನಡುವೆ ಅದ್ಭುತವಿರುವುದನ್ನು ಅವನು ಉದಾಹರಿಸುತ್ತಾನೆ. ‘ಹಮ್ಮು-ಬಿಮ್ಮು’ವಿನಲ್ಲಿ ಆ ನಡುವಿನ ಸ್ಥಾನವನ್ನು ತುಂಬುವುದು ಯಾವುದು? ಅರವತ್ತೊಂದು ಅಧ್ಯಾಯಗಳ ಮೂಲದಲ್ಲಿ ಮೂವತ್ತನಾಲ್ಕನೆಯದು ಡಾರ್ಸಿಯ ಪ್ರಸ್ತಾಪ ಮತ್ತು ಎಲಿಜಬೆತ್‌ಳ ಕಟುವಾದ ನಿರಾಕರಣೆ. ಮೂವತ್ತೈದನೆಯದು ಅವನ ಪತ್ರ. ಮೂವತ್ತಾರನೆಯ ಅಧ್ಯಾಯದಲ್ಲಿ ಹೊರಗೆ ನಡೆಯುವುದು ಏನೂ ಇಲ್ಲವೆಂದರೂ ಸಲ್ಲುತ್ತದೆ: ಒಬ್ಬ ಹೆಣ್ಣುಮಗಳು ಕಾಗದವೊಂದನ್ನು ಓದುತ್ತಾಳೆ, ಮಡಿಸಿಡುತ್ತಾಳೆ, ಮತ್ತೆ ಬಿಡಿಸಿ ಓದುತ್ತಾಳೆ. ವಿಕ್‌ಹ್ಯಾಮನ ಒಂದೊಂದು ಮಾತನ್ನೂ ನೆನಪಿನಿಂದ ಹೊರತೆಗೆದು ಪತ್ರದ ಸಂಗತಿಗಳೊಡನೆ ತಾಳೆನೋಡುತ್ತಾಳೆ. ಕೊನೆಗೆ ತಾನು ಇದುವರೆಗೆ ತನ್ನನ್ನೇ ಅರಿಯದೆ ಇದ್ದೆನೆಂಬ ತಿಳಿವು ಅವಳಿಗೆ ಬರುತ್ತದೆ. ಭರತನು ಹೇಳಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ವ್ರೀಡೆ ಮತ್ತು ಮತಿ ಎಂಬೆರಡು ಸೇರಿವೆ. ಮೊದಲು ನಾಚಿಕೆ, ಬಳಿಕ ವಿವೇಕ: ಕ್ರೋಧದಿಂದ ರತಿಯ ಕಡೆಗೆ ಆಸ್ಟಿನ್ ಕಟ್ಟಿದ ಸೇತುವೆ ಇದು. ಗಮನಿಸಬೇಕಾದುದೆಂದರೆ, ಈ ನಾಚಿಕೆ ಮೀನಾಕ್ಷಿಯ ನಾಚಿಕೆಯಲ್ಲ. ಎಲಿಜಬೆತ್ ನಾಚುವುದು ಗಂಡಿನ ಎದುರಿಗಲ್ಲ, ಸತ್ಯದ ಎದುರಿಗೆ.

ಡಾರ್ಸಿಯೂ ಹೀಗೆಯೇ ಬದಲಾಗುತ್ತಾನೆಂಬುದು ಮುಖ್ಯ. ಸಭ್ಯನಂತೆ ನಡೆದುಕೊಳ್ಳಲಿಲ್ಲವೆಂಬ ಅವಳ ಆಕ್ಷೇಪ ಅವನನ್ನು ತಿಂಗಳುಗಟ್ಟಲೆ ಕಾಡಿ ತಿದ್ದುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಗೆಲ್ಲುವುದಿಲ್ಲ. ಇಬ್ಬರೂ ತಮ್ಮ ತಮ್ಮ ತಪ್ಪಿಗೆ ಸೋಲುತ್ತಾರೆ. ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಎಲಿಜಬೆತ್‌ಳ ಮನಸ್ಸು ಮೆತ್ತಗಾಗುವುದು ಡಾರ್ಸಿಯ ಪೆಂಬರ್ಲಿಯ ವೈಭವವನ್ನು ಕಂಡ ಹೊತ್ತಿನಲ್ಲೇ. ತಂಗಿ ಲಿಡಿಯಾಳ ಅಪಕೀರ್ತಿಯನ್ನು ಹಣ ಸುರಿದು ತಡೆಯುವವನೂ ಅವನೇ. ಒಲವಿನೊಡನೆ ಋಣವೂ ಬೆರೆತು ಸಮಾನತೆಯ ತಕ್ಕಡಿ ಒಂದಿಷ್ಟು ವಾಲುತ್ತದೆ. ಪೆಂಬರ್ಲಿಯನ್ನು ಕಂಡಂದಿನಿಂದ ತನ್ನ ಪ್ರೀತಿ ಮೊದಲಾಯಿತೆಂದು ಎಲಿಜಬೆತ್ ಅಕ್ಕನೊಡನೆ ನಗೆಯಾಡುವುದರಿಂದ ಆಸ್ಟಿನಳಿಗೆ ಈ ಸಂದೇಹ ಹೊಳೆದಿತ್ತೆಂದು ತಿಳಿಯಬಹುದು. ಆದರೆ ನಗೆಯಿಂದ ಸಂದೇಹ ಪರಿಹಾರವಾಗುವುದಿಲ್ಲ.

ಇನ್ನು ಕನ್ನಡದ ಹೆಸರು. ‘ಹಮ್ಮು-ಬಿಮ್ಮು’ ಜೋಡುನುಡಿಯ ಸೊಗಸಿನಿಂದ ನಾಲಗೆಯಲ್ಲಿ ನಿಲ್ಲುತ್ತದೆ. ಮೂಲದ ಆದಿಪ್ರಾಸಕ್ಕೆ ಇದಕ್ಕಿಂತ ಹತ್ತಿರದ ಪ್ರತಿಧ್ವನಿ ದೊರೆಯದು. ಆದರೆ ಹಮ್ಮೂ ಬಿಮ್ಮೂ ಗರ್ವದ ಎರಡು ಮುಖಗಳು; ಎರಡನೆಯ ಪದವಾದ ಪೂರ್ವಗ್ರಹ ಇಲ್ಲಿ ಕರಗಿಹೋಗಿದೆ. ಇದು ಸಣ್ಣ ನಷ್ಟವಲ್ಲ. 1796-97ರಲ್ಲಿ ಆಸ್ಟಿನ್ ಈ ಕಥೆಯನ್ನು ಮೊದಲು ಬರೆದಾಗ ಅದರ ಹೆಸರು ‘ಫಸ್ಟ್ ಇಂಪ್ರೆಷನ್ಸ್’, ಎಂದರೆ ಮೊದಲ ನೋಟದ ಅನಿಸಿಕೆಗಳು. 1813ರಲ್ಲಿ ಅಚ್ಚಾಗುವ ಹೊತ್ತಿಗೆ ಹೆಸರು ಬದಲಾಯಿತು, ವಸ್ತು ಬದಲಾಗಲಿಲ್ಲ. ಅನುವಾದಕರು ಭಾಷೆಯ ಒಲವಿಗೆ ಮಣಿದರೆಂದು ಅವರನ್ನು ದೂರಬೇಕಿಲ್ಲ. ಹಮ್ಮನ್ನು ಮುರಿಯುವ ಕಥೆಗಳಲ್ಲಿ ಬೆಳೆದ ನುಡಿಗೆ ಹಮ್ಮಿನ ಪದಗಳು ಸುಲಭವಾಗಿ ಒದಗಿದುವು. ಪೂರ್ವಗ್ರಹವೆಂಬ ಮಾತು ಇಂದಿಗೂ ಪುಸ್ತಕದ್ದೇ. ಮನೆಮಾತಿನಲ್ಲಿ ಅದಕ್ಕೆ ಹೆಸರಿಲ್ಲ.

ಹೆಸರಿಲ್ಲವೆಂದ ಮಾತ್ರಕ್ಕೆ ವಸ್ತುವಿಲ್ಲವೇ? ಮುಂಬಯಿ ಮಹಾನಗರವೆಂಬುದು ನಿಜ. ಆದರೆ ಮಾಟುಂಗ, ಮುಲುಂಡ್, ಡೊಂಬಿವಲಿಗಳ ಕನ್ನಡಿಗನ ಒಡನಾಟ ಹಲವೊಮ್ಮೆ ಇಪ್ಪತ್ತನಾಲ್ಕು ಮನೆಗಳದೇ. ಸಂಘದ ವಾರ್ಷಿಕೋತ್ಸವ, ಸತ್ಯನಾರಾಯಣ ಪೂಜೆ, ಮದುವೆಯ ಮನೆ: ಎಲ್ಲಿ ಹೋದರೂ ಅವೇ ಮುಖಗಳು, ಅವೇ ತೀರ್ಪುಗಳು. ಧಾರವಾಡದ ಕಡೆಯವರ ಮಾತು ಒರಟು, ಮೈಸೂರಿನವರ ನಯ ಬರಿಯ ಹೊರಗಿನದು, ಕರಾವಳಿಯವರು ಲೆಕ್ಕಾಚಾರದವರು ಎಂಬ ನುಡಿಗಳು ಊರಿನಿಂದ ಗಂಟುಕಟ್ಟಿ ತಂದವು. ಇಲ್ಲಿ ಎರಡನೆಯ ತಲೆಮಾರಿಗೂ ಹಂಚಿಹೋಗಿವೆ. ವಧೂವರರ ಮಾಹಿತಿಪತ್ರವನ್ನು ಒಂದು ನೋಟ ನೋಡಿ ಬದಿಗಿಡುವಾಗ ಕೆಲಸ ಮಾಡುವುದು ಇವೇ ನುಡಿಗಳು. ಅಲ್ಲಿ ಯಾರ ಹಮ್ಮೂ ಇರುವುದಿಲ್ಲ. ಇರುವುದು ಕೇಳದೆ ಕೊಟ್ಟ ತೀರ್ಪು ಮಾತ್ರ.

ಆದುದರಿಂದ ಈ ಕಾದಂಬರಿಯನ್ನು ಓದುವವರು ಅದರ ಕೊನೆಯ ಮದುವೆಗಳಿಗಾಗಿ ಅವಸರಪಡದೆ ಮೂವತ್ತಾರನೆಯ ಅಧ್ಯಾಯದಲ್ಲಿ ತುಸು ನಿಲ್ಲುವುದು ಲೇಸು. ವೈರವನ್ನು ಒಲವಾಗಿಸಿದ ಶಕ್ತಿ ಅಲ್ಲಿ ಆಕಾಶವಾಣಿಯೂ ಅಲ್ಲ, ಚಾವಟಿಯೂ ಅಲ್ಲ. ಮಡಿಸಿಟ್ಟ ಕಾಗದವನ್ನು ಮತ್ತೊಮ್ಮೆ ಬಿಡಿಸಿ ಓದುವಷ್ಟು ಪ್ರಾಮಾಣಿಕತೆ.